ಯಾರನ್ನೂ ನಂಬದ ಪೆಟ್ಟಿಗೆ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ದಪ್ಪ. ಅದರ ಉಗುರು ಕಪ್ಪಾಗಿ, ತುದಿಯಲ್ಲಿ ಸ್ವಲ್ಪ ಒಳಕ್ಕೆ ಬಾಗಿತ್ತು. ವರ್ಷಗಟ್ಟಲೆ ಕಾರವಾರದ ಮೀನು ಪೇಟೆಯಲ್ಲಿ ಕೂತು ಮೀನು ತಾಜಾ ಹೌದೋ ಅಲ್ಲವೋ ಎಂದು ಬಂಗಡೆಯ ಕಿವಿರು ಎತ್ತಿ, ಹೊಟ್ಟೆ ಒತ್ತಿ ನೋಡಿ ಹಾಗಾದ ಬೆರಳು ಅದು. ಮೀನಿಗೆ ಮಾತ್ರ ಮೀಸಲಾಗಿದ್ದರೆ ನಮ್ಮದೇನೂ ತಕರಾರಿರಲಿಲ್ಲ. ಅಂಗಡಿಯ ಬೆಲ್ಲ, ಹೊಸ ದಿಂಬು, ಡಾಕ್ಟರು ಕೊಟ್ಟ ಗುಳಿಗೆ, ನೆಂಟರು ತಂದ ಪೇಡೆ, ಎಲ್ಲವೂ ಒಮ್ಮೆ ಆ ಬೆರಳಿನ ಕೆಳಗೆ ಬಂದು ಹೋಗಬೇಕಿತ್ತು. ನನ್ನನ್ನು ನೋಡಲು ನನ್ನ ತವರೂರು ಅವರ್ಸಾಕ್ಕೆ ಬಂದ ದಿನ, ಚಾ ಕೊಡಲು ಹೊರಗೆ ಬಂದ ನನ್ನ ಮುಂಗೈಯನ್ನೂ ಒತ್ತಿ ನೋಡಿದ್ದರು. ನನ್ನ ಅಮ್ಮನಿಗೆ ಸಿಟ್ಟು ಬಂತು, ನನಗೆ ನಗು ಬಂತು. ಆ ನಗು ಕಂಡು ಅತ್ತೆಗೆ ಅನುಮಾನ ಬಂತಂತೆ. ಹುಡುಗಿ ಏನೋ ಮುಚ್ಚಿಡುತ್ತಿದ್ದಾಳೆ ಎಂದು ತಮ್ಮೂರು ಮಾಜಾಳಿಗೆ ವಾಪಸು ಬರುವ ದಾರಿಯುದ್ದಕ್ಕೂ ಹೇಳಿದರಂತೆ.

ಆದರೂ ನನ್ನನ್ನೇ ತಂದುಕೊಂಡರು. ಮನೆಯಲ್ಲಿ ಎಲ್ಲರೂ ಆಡುವುದು ಕೊಂಕಣಿ. ನನ್ನ ಸಲುವಾಗಿ ಅತ್ತೆ ಕನ್ನಡ ಆಡುತ್ತಿದ್ದರು, ಕೊನೆಗೆ ಹೆಂಗಸರನ್ನು ಕರೆಯುವ ಕೊಂಕಣಿಯ ‘ಗೋ’ ಸೇರಿಸಿ. ಅವರ ಒಂದು ಮಾತನ್ನು ನಾನು ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದೆನೋ. ಪಕ್ಕದ ಮನೆಯ ಹುಡುಗನಿಗೆ ಗೋವಾದಲ್ಲಿ ಕೆಲಸ ಸಿಕ್ಕಿತಂತೆ ಅಂದರೆ, “ಕಿವಿರು ಎತ್ತಿ ನೋಡಿದ್ಯ ಗೋ?” ಟೀವಿಯಲ್ಲಿ ನಾಳೆ ಗಾಳಿ ಜೋರು ಅಂತ ಹೇಳಿದರು ಅಂದರೆ, “ಅವ ಬೆಂಗಳೂರಲ್ಲಿ ಕೂತವ. ನಮ್ಮ ಗಾಳಿ ಅವಂಗೆ ಹ್ಯಾಂಗೆ ಗೊತ್ತು?” ಗಾಳಿ ಬಂದೇ ಬಂದರೂ ಸೋಲು ಒಪ್ಪುವವರಲ್ಲ. ಬೀಸು ಎಂದು ಯಾರೋ ಗಾಳಿಗೆ ಮೊದಲೇ ಹೇಳಿಟ್ಟಿದ್ದಾರೆ ಎಂಬಂತೆ ಸಮುದ್ರದ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ಇವೆಲ್ಲ ನಗುವಂಥ ಅನುಮಾನಗಳು. ನಗಲಾಗದ ಒಂದು ಅನುಮಾನವೂ ಅವರಲ್ಲಿತ್ತು.

ನನ್ನ ಮಾವ, ಅಂದರೆ ಅತ್ತೆಯ ಗಂಡ, ಮಕ್ಕಳಿನ್ನೂ ಸಣ್ಣವರಿದ್ದಾಗಲೇ ತೀರಿಕೊಂಡಿದ್ದರು. ಗಟ್ಟಿ ಆಳು, ಒಂದು ದಿನವೂ ಜ್ವರ ಎಂದು ಮಲಗಿದವರಲ್ಲ. ಒಂದು ಬೆಳಿಗ್ಗೆ ದಂಡೆಯಲ್ಲಿ ಹತ್ತಾರು ಜನರ ಜೊತೆ ದೊಡ್ಡ ರಂಪಣಿ ಬಲೆ ಎಳೆಯುತ್ತಿದ್ದಾಗ ಹಗ್ಗ ಹಿಡಿದಂತೆಯೇ ಬಿದ್ದರು, ಮತ್ತೆ ಏಳಲಿಲ್ಲ. ಬೀಳುವುದಕ್ಕೆ ಸ್ವಲ್ಪ ಮುಂಚೆ ಅವರು ಕುಡಿದದ್ದು ಆಚೆಮನೆಯ ತಾಂಡೇಲ ಕೊಟ್ಟ ಚಾ. ತಾಂಡೇಲ ಅಂದರೆ ಬಲೆಗೂ ದೋಣಿಗೂ ಮುಖಂಡ. ಅವನ ಕೂಗಿಗೇ ಎಲ್ಲರೂ ಹಗ್ಗ ಎಳೆಯಬೇಕು. ಇಬ್ಬರೂ ಜೀವದ ಗೆಳೆಯರು. ಆದರೆ ಅದೇ ವಾರ ಮೀನಿನ ಪಾಲಿನ ಮಾತಿಗೆ ಇಬ್ಬರಿಗೂ ಜೋರು ಜಗಳವಾಗಿತ್ತಂತೆ. ಅತ್ತೆಗೆ ಅಷ್ಟು ಸಾಕಾಯಿತು. ಚಾದಲ್ಲಿ ಏನೋ ಹಾಕಿ ಕೊಂದ ಎಂದು ಹೆಣದ ಮುಂದೆಯೇ ಕೂಗಿ ಹೇಳಿದರು. ಅವತ್ತಿನಿಂದ ಆ ಮನೆಯ ನೀರು ಮುಟ್ಟಲಿಲ್ಲ, ಆ ಬಲೆಯ ಮೀನು ಮಾರಲಿಲ್ಲ, ಆ ಅಂಗಳ ದಾಟಲಿಲ್ಲ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಸಣ್ಣ ಬೇಲಿ. ಆ ಬೇಲಿಯನ್ನು ಬಳಸಿ ಸುತ್ತು ಹಾಕಿ ದಂಡೆಗೆ ಹೋಗುವುದನ್ನು ಮದುವೆಯಾದ ಮೊದಲ ವಾರದಲ್ಲೇ ನನಗೂ ಕಲಿಸಿದರು.

ತಾಂಡೇಲರು ಎದುರು ಸಿಕ್ಕರೆ ತಲೆ ತಗ್ಗಿಸಿ ಪಕ್ಕಕ್ಕೆ ನಿಲ್ಲುತ್ತಿದ್ದರು. ತಪ್ಪು ಮಾಡಿದ್ದಕ್ಕೇ ತಲೆ ತಗ್ಗಿಸ್ತಾನೆ ಎಂದು ಅತ್ತೆ ಹೇಳುತ್ತಿದ್ದರು. ತಲೆ ಎತ್ತಿ ನಡೆದಿದ್ದರೆ ಸೊಕ್ಕು ನೋಡು ಅನ್ನುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಿಜ ಹೇಳಬೇಕೆಂದರೆ, ಕೇಳಿ ಕೇಳಿ ನಾನೂ ಆ ಮನುಷ್ಯನ ಕೈ ನೋಡಿದಾಗಲೆಲ್ಲ ಚಾ ಲೋಟವನ್ನೇ ನೆನೆಯುವಂತಾಗಿದ್ದೆ.

ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ. ನನ್ನ ಗಂಡನ ಅಣ್ಣ, ನನಗೆ ಭಾವ, ಗಲ್ಫ್‌ನ ಸಮುದ್ರದಲ್ಲಿ ಎಣ್ಣೆ ತೆಗೆಯುವ ಕಟ್ಟೆಯ ಮೇಲೆ ಸೇಫ್ಟಿ ಕೆಲಸ ಮಾಡುತ್ತಿದ್ದರು. ಕೆಲಸ ಬಿಟ್ಟು ಊರಿಗೆ ಬರುವಾಗ ಉಳಿದವರು ಕಂಬಳಿ, ಅತ್ತರು, ಟೇಪ್‌ ರೆಕಾರ್ಡರ್‌ ತಂದರೆ ಇವರು ಊಟದ ಡಬ್ಬಿಯಷ್ಟು ದೊಡ್ಡದೊಂದು ಕೆಂಪು ಪೆಟ್ಟಿಗೆ ತಂದರು. ಕಂಪನಿ ಹೊಸದು ತರಿಸಿದಾಗ ಹಳೆಯದನ್ನು ಇವರಿಗೆ ಕೊಟ್ಟಿತ್ತು. ಒಂದು ಸಂಜೆ ಕೋಣೆಯಲ್ಲಿ ಕೂತು ಭಾವ ಅದರ ಮುಚ್ಚಳ ತೆರೆದರು. ಒಳಗಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡಿದಳು.

ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು.

“ಯಾರು ಅವಳು?”

“ಯಾರೂ ಇಲ್ಲ ಆಯಿ, ಮಶೀನು.”

“ಮಶೀನಿಗೆ ಹೆಣ್ಣಿನ ದನಿ ಎಂತಕೆ? ಗಲ್ಫ್‌ದಲ್ಲಿ ಯಾರನ್ನ ಇಟ್ಕಂಡಿದ್ದೆ ಹೇಳು.”

ಭಾವನ ಹೆಂಡತಿ ತವರಿಗೆ ಹೋಗಿದ್ದು ಒಳ್ಳೆಯದಾಯಿತು. ಭಾವ ತಾಯಿಯನ್ನು ಕೂರಿಸಿಕೊಂಡು ವಿವರಿಸಿದರು. ಕೆಲವು ಸಲ ಗಟ್ಟಿಮುಟ್ಟಾದವರಿಗೂ ಎದೆಬಡಿತ ತಾಳ ತಪ್ಪುತ್ತದೆ. ಹೃದಯ ಬಡಿಯುವುದನ್ನು ಬಿಟ್ಟು ಸುಮ್ಮನೆ ನಡುಗುತ್ತದೆ, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರುತ್ತದೆ. ಆಗ ಹತ್ತಿರ ಇದ್ದವರೇ ಎದೆ ಒತ್ತುತ್ತ ಇರಬೇಕು, ಈ ಪೆಟ್ಟಿಗೆಯ ಎರಡು ಅಂಟುಪಟ್ಟಿಗಳನ್ನು ಎದೆಗೆ ಹಚ್ಚಬೇಕು. ಅದು ಕೊಡುವ ಒಂದು ಶಾಕ್‌ಗೆ ಹೃದಯ ಮತ್ತೆ ತಾಳಕ್ಕೆ ಬರಬಹುದು. ಡಾಕ್ಟರೇ ಬೇಕೆಂದಿಲ್ಲ, ಏನು ಮಾಡಬೇಕೆಂದು ಆ ದನಿಯೇ ಹೇಳಿಕೊಡುತ್ತದೆ. ಇಷ್ಟು ಹೇಳಿ ಭಾವ ಸುಮ್ಮನಾಗಿದ್ದರೆ ಆಗುತ್ತಿತ್ತು.

“ಅಪ್ಪ ಹೋದದ್ದೂ ಹಿಂಗೇ ಇರಬೇಕು ಆಯಿ,” ಅಂದರು.

ಅತ್ತೆ ಎದ್ದು ನಿಂತರು. “ನಿನ್ನ ಅಪ್ಪ ಹೋದದ್ದಲ್ಲ, ಕಳಿಸಿದ್ದು. ಕಳಿಸಿದವ ಬೇಲಿಯಾಚೆ ಆರಾಮ ಇದ್ದಾನೆ. ಅವನನ್ನ ಬಿಡಿಸೂಕೆ ಪೆಟ್ಟಿಗೆ ತಂದ್ಯ ನೀನು?”

ಊರಿನ ಅನುಮಾನ ಬೇರೆಯೇ ಇತ್ತು. ಆ ಕಾಲದಲ್ಲಿ ಹೊಳೆಯ ಮೇಲ್ಭಾಗದಲ್ಲಿ ಯಾರೋ ನೀರಿಗೆ ಬ್ಯಾಟರಿ ಕರೆಂಟು ಬಿಟ್ಟು ಮೀನು ಹಿಡಿಯುತ್ತಾರೆಂಬ ಸುದ್ದಿ ಎದ್ದಿತ್ತು. ಮರಿಗಳೂ ಉಳಿಯುವುದಿಲ್ಲ ಎಂದು ದಂಡೆಯವರು ಕೆಂಡವಾಗಿದ್ದರು. ವೈರು, ಬ್ಯಾಟರಿ, ಶಾಕು ಎಂಬ ಮೂರು ಶಬ್ದ ಒಟ್ಟಿಗೆ ಕಿವಿಗೆ ಬಿದ್ದ ಮೇಲೆ ಇನ್ನೇನು ಬೇಕು? ಭಾವ ನಾಲ್ಕು ಜನರಿಗೆ ತೋರಿಸೋಣವೆಂದು ಪೆಟ್ಟಿಗೆ ಹಿಡಿದು ದಂಡೆಗೆ ಹೋದರೆ, ಮೀನು ಸುಡುವ ಪೆಟ್ಟಿಗೆ ಬಂತು ಎಂದು ಓಡಿಸಿಬಿಟ್ಟರು. ಅವತ್ತು ಅತ್ತೆ ಬಹಳ ಸಂತೋಷದಲ್ಲಿದ್ದರು. ಅನುಮಾನದಲ್ಲಿ ಊರಿಗೆ ಊರೇ ಜೊತೆಯಾಗುವುದು ಅವರ ಪಾಲಿಗೆ ಅಪರೂಪ.

ಭಾವ ಬೇಸರಪಟ್ಟುಕೊಂಡು ಮನೆಯವರಿಗಾದರೂ ಕಲಿಸಲು ಕೂತರು. ನಾನು ಒಂದು ದಿಂಬಿನ ಮೇಲೆ ಎದೆ ಒತ್ತುವುದನ್ನು ಕಲಿತೆ. ಅತ್ತೆ ಬಾಗಿಲಿಗೆ ಒರಗಿ ಮೀನು ಕೊಯ್ಯುವವರ ಕೈ ನೋಡುವಂತೆ ನೋಡುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಪೇಟೆಯಿಂದ ಬಂದವರು ಬುಟ್ಟಿ ಇಳಿಸಿ, ಕೈ ತೊಳೆದು ನನ್ನನ್ನು ಒಳಗೆ ಕರೆದರು. ಬಾಗಿಲು ಹಾಕಿದರು.

“ಅದನ್ನ ನನಗೆ ಹಚ್ಚು ಗೋ.”

ನಾನು ಒಲ್ಲೆ ಎಂದೆ. ಹಾಗಾದರೆ ಸಮುದ್ರಕ್ಕೆ ಎಸೆದು ಬರ್ತೆ ಎಂದು ಪೆಟ್ಟಿಗೆ ಎತ್ತಿಕೊಂಡರು. ನಂತರ ತಾವೇ ಮುಚ್ಚಳ ತೆರೆದು, ಅಂಟುಪಟ್ಟಿ ಬಿಡಿಸಿ, ಭಾವ ದಿಂಬಿಗೆ ತೋರಿಸಿದ ಜಾಗ ಅಳೆದು ಎದೆಗೆ ಹಚ್ಚಿಕೊಂಡರು. ಇದನ್ನು ಓದಿದ ಯಾರೂ ಹಾಗೆ ಮಾಡಬಾರದು. ಪೆಟ್ಟಿಗೆಯ ಹೆಂಗಸು ಏನೇನೋ ಹೇಳಿದಳು. ದನಿ ಕೇಳಿ ಭಾವ ಹೊರಗಿನಿಂದ ಬಾಗಿಲು ಬಡಿಯತೊಡಗಿದರು.

“ಎಂತ ಹೇಳ್ತಾಳೆ ಅವಳು?” ಅತ್ತೆ ಕೂಗಿ ಕೇಳಿದರು.

“ನಿಂಗೆ ಶಾಕ್ ಬೇಡ ಅಂತಾಳೆ! ನಿನ್ನ ಎದೆ ಸರಿ ಅದೆ ಅಂತಾಳೆ! ತೆಗಿ ಅದನ್ನ!”

“ಗುಂಡಿ ಒತ್ತಿದ್ರೆ?”

“ಒತ್ತಿದ್ರೂ ಕೊಡೂದಿಲ್ಲ. ತಾನೇ ನೋಡಿ, ಬೇಕಾದ್ರೆ ಮಾತ್ರ ಕೊಡ್ತದೆ.”

ಅತ್ತೆ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ, ಆ ದಪ್ಪ ಹೆಬ್ಬೆರಳು ಊರಿ ಗಟ್ಟಿಯಾಗಿ ಒತ್ತಿದರು. ಆಗಲೂ ಏನೂ ಆಗಲಿಲ್ಲ. ಅವರು ಪೆಟ್ಟಿಗೆಯನ್ನೇ ನೋಡುತ್ತ ಕೂತರು. ಅವರ ಮುಖದಲ್ಲಿ ನಾನು ಅಲ್ಲಿಯವರೆಗೆ ಕಾಣದ ಒಂದು ಗೌರವ ಇತ್ತು.

“ನಾ ಹೇಳಿದ್ರೂ ನಂಬೂದಿಲ್ಲ ಗೋ ಇದು. ತಾನೇ ಕಿವಿರು ಎತ್ತಿ ನೋಡ್ತದೆ,” ಅಂದರು.

ಒಮ್ಮೆ ಹಚ್ಚಿದ ಪಟ್ಟಿ ಮತ್ತೆ ಬರುವುದಿಲ್ಲ. ಮನೆಯಲ್ಲಿದ್ದದ್ದು ಎರಡೇ ಜೊತೆ, ಅದರಲ್ಲಿ ಒಂದು ಹಾಳಾಯಿತು. ಹೊಸದು ಇಲ್ಲೆಲ್ಲೂ ಸಿಗುವ ವಸ್ತುವಲ್ಲ. ಭಾವ ಪೆಟ್ಟಿಗೆಯ ಇಂಗ್ಲಿಷ್ ಮಾತುಗಳ ಅರ್ಥವನ್ನು ನನಗೆ ಕಲಿಸಿದರು, ತಾಯಿಯ ಹತ್ತಿರ ಮಾತ್ರ ಮಾತು ಬಿಟ್ಟರು. ಅತ್ತೆಗೆ ಅದೇನೂ ತಾಗಲಿಲ್ಲ. ಮರುದಿನದಿಂದ ಪೆಟ್ಟಿಗೆಯ ಮೇಲಿನ ಹಸಿರು ದೀಪ ಮಿನುಗುತ್ತಿದೆಯೋ ಇಲ್ಲವೋ ಎಂದು ದಿನಾ ನೋಡುವ ಕೆಲಸವನ್ನು ಅವರೇ ವಹಿಸಿಕೊಂಡರು. ಮಗ ಹೇಳುವುದನ್ನು ನಂಬಲಿಕ್ಕಾಗದು ಎಂಬುದು ಅದಕ್ಕೆ ಕಾರಣ.

ಮಳೆಗಾಲ ಮುಗಿದು ದಂಡೆಗೆ ತಾರಲೆ ಮೀನಿನ ಹಿಂಡು ಬಂದ ದಿನ ಅದು. ನನ್ನ ಗಂಡನೂ ಭಾವನೂ ಬೆಳಗಿನ ಬಸ್ಸಿಗೆ ಗಡಿ ದಾಟಿ ಗೋವಾದ ಕೆಲಸಕ್ಕೆ ಹೋಗಿದ್ದರು. ನಾನೂ ಅತ್ತೆಯೂ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದೆವು. ದಂಡೆಯಿಂದ ರಂಪಣಿ ಎಳೆಯುವವರ ಕೂಗು ಕೇಳುತ್ತಿತ್ತು. ಕೂಗು ಒಮ್ಮೆಲೇ ನಿಂತಿತು, ನಂತರ ಹೆಂಗಸರು ಬೊಬ್ಬೆ ಹಾಕಿದ್ದು ಕೇಳಿಸಿತು. ನಾವು ಓಡಿದೆವು. ಓಡುವ ಭರದಲ್ಲಿ ಅತ್ತೆ ಆಚೆಮನೆಯ ಅಂಗಳ ಹಾಯ್ದೇ ಹೋದರು.

ಬಿದ್ದವರು ತಾಂಡೇಲರು. ಅರ್ಧ ಮೈ ಒದ್ದೆ, ಹಗ್ಗ ಇನ್ನೂ ಕೈಯಲ್ಲೇ ಇತ್ತು. ಸುತ್ತ ಜನ ಮುತ್ತಿದ್ದರು. ಹೆಂಡತಿ ಅಂಗಾಲು ತಿಕ್ಕುತ್ತಿದ್ದಳು, ಒಬ್ಬರು ಅಂಗೈ ತಿಕ್ಕುತ್ತಿದ್ದರು, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಿದ್ದರು. ನಮ್ಮ ಕಡೆ ಯಾರಾದರೂ ಬಿದ್ದರೆ ಎಲ್ಲರೂ ಮುಟ್ಟುತ್ತಾರೆ. ಮುಟ್ಟದೆ ನಿಂತವನು ಮನುಷ್ಯನೇ ಅಲ್ಲ. ತಾಂಡೇಲರ ಗಂಟಲಿನಿಂದ ಆಗಾಗ ಒಂದು ದೊಡ್ಡ ಗೊರಕೆ ಬರುತ್ತಿತ್ತು. ಅವರ ಮಗ ಎಲ್ಲರಿಗೂ ಧೈರ್ಯ ಹೇಳುತ್ತಿದ್ದ.

“ಉಸಿರು ಆಡ್ತದೆ. ಬಿಸಿಲಿಗೆ ಜೋಂಪು ಬಂದದೆ, ಅಷ್ಟೆ. ನೆರಳಿಗೆ ಒಯ್ಯೋಣ.”

ಅತ್ತೆ ನನ್ನ ತೋಳು ಹಿಡಿದರು.

“ಇದೇ ಗೊರಕೆ ಗೋ,” ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದರು. “ಅವರೂ ಹಿಂಗೇ ಗೊರಕೆ ಹೊಡೆದ್ರು. ನಾವು ನಿದ್ದೆ ಹೇಳಿ ನೆರಳಿಗೆ ಮಲಗಿಸಿದ್ವು. ಹೋಗು. ಪೆಟ್ಟಿಗೆ ತಾ.”

ನಾನು ತಂದೆ. ಕೆಂಪು ಪೆಟ್ಟಿಗೆ ಕಂಡದ್ದೇ ಮಗ ಎದ್ದು ಅಡ್ಡ ನಿಂತ. ಅವನನ್ನು ನಾನು ದೂರುವುದಿಲ್ಲ. ತನ್ನ ಅಪ್ಪನನ್ನು ಕೊಲೆಗಾರ ಎಂದು ಇಷ್ಟು ವರ್ಷ ಕರೆದ ಹೆಂಗಸು, ಅಪ್ಪ ಬಿದ್ದ ಹೊತ್ತಿನಲ್ಲಿ ಕರೆಂಟಿನ ಪೆಟ್ಟಿಗೆ ತರಿಸಿದ್ದಳು. ನಾನಾಗಿದ್ದರೂ ಅಡ್ಡ ನಿಲ್ಲುತ್ತಿದ್ದೆ.

“ಸೇಡು ತೀರಿಸೂಕೆ ಬಂದ್ಯ? ಉಸಿರು ಇದ್ದವಂಗೆ ಶಾಕ್ ಕೊಟ್ಟು ಕೊಲ್ಲೂಕೆ?”

ಜನರೂ ಗುಜುಗುಜು ಎಂದರು. ಪೆಟ್ಟಿಗೆ ಕಸಿಯಲು ಯಾರದೋ ಕೈ ಮುಂದೆ ಬಂತು. ಅತ್ತೆ ಹಿಂದೆ ಸರಿಯಲಿಲ್ಲ.

“ಕೊಲ್ಲೂಕೆ ಬಂದೆ ಹೇಳಿಯೇ ತಿಳಕಾ. ನನ್ನ ನಂಬಬೇಡ. ನಾನಾದ್ರೂ ನಂಬ್ತಿರ್ಲಿಲ್ಲ. ಆದ್ರೆ ಈ ಪೆಟ್ಟಿಗೆ ನನ್ನ ಮಾತು ಕೇಳೂದಿಲ್ಲ ಮಾರಾಯ. ನಾ ನನಗೇ ಹಚ್ಚಿ, ಗುಂಡಿ ಒತ್ತಿ ನೋಡಿದ್ದೆ. ಎದೆ ಸರಿ ಇದ್ದವರಿಗೆ ಇದು ಕೊಡೂದೇ ಇಲ್ಲ. ನಿನ್ನ ಅಪ್ಪಂಗೆ ಜೋಂಪು ಆದ್ರೆ ಸುಮ್ಮನೆ ಇರ್ತದೆ. ನೋಡ್ಲಿ. ಅದೇ ನೋಡಿ ಹೇಳ್ಲಿ.”

ತಾಂಡೇಲರ ಹೆಂಡತಿ ಕತ್ತೆತ್ತಿ ಅತ್ತೆಯ ಮುಖ ನೋಡಿದಳು. ಆ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಎಷ್ಟು ವರ್ಷ ಆಗಿತ್ತೋ. “ಬಿಡು ಪುತಾ, ಹಚ್ಲಿ,” ಅಂದಳು.

ಅತ್ತೆ ಸೆರಗಿನಿಂದ ತಾಂಡೇಲರ ಎದೆಯನ್ನು ತಿಕ್ಕಿ ತಿಕ್ಕಿ ಒರೆಸಿದರು. ಒದ್ದೆ ಮೈಗೆ ಪಟ್ಟಿ ಅಂಟುವುದಿಲ್ಲ ಎಂದು ಭಾವ ಹೇಳಿದ್ದು ನನಗೆ ಮರೆತೇ ಹೋಗಿತ್ತು. ನಾನು ಪಟ್ಟಿ ಹಚ್ಚಿದೆ. ಪೆಟ್ಟಿಗೆ ಮಾತಾಡಿತು. ಯಾರೂ ಮುಟ್ಟಬಾರದು ಎಂದು ನಾನು ಕನ್ನಡದಲ್ಲಿ ಹೇಳಿದೆ, ಯಾರೂ ಕೈ ಬಿಡಲಿಲ್ಲ. ಅತ್ತೆ ಕೊಂಕಣಿಯಲ್ಲಿ ಒಮ್ಮೆ ಕೂಗಿದರು. ಮೀನು ಪೇಟೆಯಲ್ಲಿ ಈ ತುದಿಯಿಂದ ಆ ತುದಿಗೆ ಕೇಳಿಸುವ ದನಿ ಅದು. ಅಷ್ಟೂ ಕೈಗಳು ಮೇಲೆದ್ದವು. ಹೆಂಡತಿ ಮಾತ್ರ ಗಂಡನ ಕಾಲು ಬಿಡಲಿಲ್ಲ. ಅತ್ತೆ ಹೋಗಿ ಅವಳ ಎರಡೂ ಕೈ ಬಿಡಿಸಿ ತಮ್ಮ ಕೈಯಲ್ಲಿ ಹಿಡಿದುಕೊಂಡರು.

ಪೆಟ್ಟಿಗೆ ತಾಳ್ಮೆಯಿಂದ ನೋಡಿತು. ನಂತರ ಶಾಕ್ ಬೇಕು ಎಂದಿತು, ಗುಂಡಿ ಕೆಂಪಗೆ ಮಿನುಗಿತು. ನಾನು ಬೆರಳು ಚಾಚಿದೆ.

“ನೀ ಒತ್ತಬೇಡ,” ಅತ್ತೆ ತಡೆದರು. “ಮಗನೇ ಒತ್ಲಿ. ನಾಳೆ ಯಾರೂ ಎಂತದೂ ಹೇಳೂಕೆ ಆಗಬಾರದು.”

ಅಂಥ ಹೊತ್ತಿನಲ್ಲೂ ಅವರಿಗೆ ಊರಿನ ಬಾಯಿಯ ಮೇಲೆ ಅನುಮಾನ. ಮಗ ಕಣ್ಣು ಮುಚ್ಚಿ ಒತ್ತಿದ. ತಾಂಡೇಲರ ಮೈ ಒಮ್ಮೆ ಜಗ್ಗಿ ಬಿತ್ತು. ಹೆಂಗಸರು ಕಿರುಚಿದರು. ಎದೆ ಒತ್ತು ಎಂದು ಪೆಟ್ಟಿಗೆ ಹೇಳಿತು, ಹಿಂದಿನಿಂದ ಅತ್ತೆಯೂ ಹೇಳಿದರು. ಪರ ಗಂಡಸಿನ ಎದೆಯ ಮೇಲೆ ಕೈ ಇಟ್ಟು ಊರೆಲ್ಲ ನೋಡುವಂತೆ ಒತ್ತುತ್ತ ಹೋದೆ. ಬೆವರು ಕಣ್ಣಿಗೆ ಇಳಿಯಿತು, ತೋಳು ಸೋತು ಬಂದವು, ಆಮೇಲೆ ಮಗನಿಗೆ ತೋರಿಸಿಕೊಟ್ಟೆ, ಅವನು ಒತ್ತಿದ. ಎಷ್ಟು ಹೊತ್ತಾಯಿತೋ ತಿಳಿಯದು. ತಾಂಡೇಲರು ಕೆಮ್ಮಿದರು. ಒಂದು ಕೈ ಎತ್ತಿ ಮಗನನ್ನು ದೂಡಲು ನೋಡಿದರು.

ಕರೆದರೆ ಬರುವ ಆಂಬುಲೆನ್ಸು ನಮ್ಮ ಕಡೆ ಆಗ ಇರಲಿಲ್ಲ. ಮೊಬೈಲು ಹಿಡಿದರೆ ಗೋವಾದ ಸಿಗ್ನಲ್ಲು. ಮೀನಿನ ಟೆಂಪೋದಿಂದ ಐಸಿನ ಪೆಟ್ಟಿಗೆ ಇಳಿಸಿ ಅವರನ್ನು ಮಲಗಿಸಿ ಕಾರವಾರಕ್ಕೆ ಒಯ್ದರು. ಅಲ್ಲಿಂದ ಮುಂದೆ ಗೋವಾದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅವರು ಬದುಕಿದರು.

ಅವತ್ತು ಸಂಜೆ ಭಾವ ಬಂದವರೇ ಎಲ್ಲ ಕೇಳಿ ಕುಣಿದಾಡಿದರು. ಅತ್ತೆ ಮಾತ್ರ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು.

“ಆ ಗೊರಕೆ ಎಂತದು?” ಎಂದು ಕೇಳಿದರು.

“ಅದು ಉಸಿರಲ್ಲ ಆಯಿ. ಎದೆ ನಿಂತ ಮೇಲೂ ಸ್ವಲ್ಪ ಹೊತ್ತು ಹಂಗೆ ಎಳೀತದೆ. ನೋಡಿದವರು ಉಸಿರು ಅದೆ ಅಂತ ಸುಮ್ಮನೆ ಇರ್ತಾರೆ.”

“ವಿಷ ಕುಡಿದ್ರೂ ಹಂಗೆ ಬರ್ತದೆ?”

ಭಾವ ತಾಯಿಯ ಪಕ್ಕಕ್ಕೆ ಬಂದು ಕೂತರು. “ಇವತ್ತು ತಾಂಡೇಲಂಗೆ ಯಾರು ವಿಷ ಕೊಟ್ಟಿದ್ರು ಆಯಿ?” ಅಂದರು.

ತಾಂಡೇಲರು ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕರೆದುಕೊಂಡು ಆಚೆಮನೆಗೆ ಹೋದರು. ಒಳಗೆ ಹೋಗಲಿಲ್ಲ, ಜಗಲಿಯ ಮೆಟ್ಟಿಲ ಮೇಲೆ ಕೂತರು. ಹೇಗಿದ್ದೀ ಎಂದು ಕೇಳಲಿಲ್ಲ. ಕ್ಷಮಿಸು ಅನ್ನಲಿಲ್ಲ. ನೇರವಾಗಿ ವಿಚಾರಣೆಗೇ ಇಳಿದರು.

“ಅವತ್ತಿನ ಚಾದಲ್ಲಿ ಎಂತ ಹಾಕಿದ್ದೆ?”

ತಾಂಡೇಲರು ಗೋಡೆಗೆ ಒರಗಿದ್ದರು, ದನಿ ಸಣ್ಣಗಾಗಿತ್ತು. ಗೆಳೆಯನ ಹೆಂಡತಿಯನ್ನು ಅತ್ತಿಗೆ ಎಂದೇ ಕರೆದರು. “ಸಕ್ಕರೆ ಹೆಚ್ಚು ಹಾಕಿದ್ದೆ ವಹಿನಿ. ಜಗಳ ಆಗಿತ್ತಲ್ಲ, ರಾಜಿ ಮಾಡ್ಕಳ್ಳೂಕೆ ಕೊಟ್ಟದ್ದು. ಅವಂಗೆ ಸಿಹಿ ಬೇಕಾಗ್ತಿತ್ತು.”

ಅತ್ತೆ ಬಹಳ ಹೊತ್ತು ಅವರ ಮುಖ ನೋಡಿದರು. ಎಷ್ಟೋ ಸಾವಿರ ಮೀನು ನೋಡಿದ ಕಣ್ಣು ಅದು.

“ಹೌದು,” ಅಂದರು. “ಅವರಿಗೆ ಸಿಹಿ ಬೇಕಿತ್ತು.”

ವಾಪಸು ಬರುವಾಗ ಬೇಲಿಯ ಹತ್ತಿರ ಅವರ ಕಾಲು ನಿಂತಿತು. ಅಲ್ಲೇ ಮರಳಿನ ಮೇಲೆ ಕೂತುಬಿಟ್ಟರು. “ಈಗ ನಾ ಯಾರಿಗೆ ಬಯ್ಲಿ ಗೋ?” ಎಂದು ನನ್ನನ್ನು ಕೇಳಿದರು. ನಾನು ಏನಾದರೂ ಹೇಳುವ ಮೊದಲೇ ಅಳತೊಡಗಿದರು. ಗಂಡ ಸತ್ತ ದಿನ ಅವರು ಒಂದು ಹನಿಯೂ ಅತ್ತಿರಲಿಲ್ಲವಂತೆ, ಬರೀ ಬೈದಿದ್ದರಂತೆ. ನನ್ನ ಮಡಿಲಲ್ಲಿ ತಲೆ ಇಟ್ಟು ಅವರು ಗಂಡನ ಹೆಸರು ಹಿಡಿದು ಅತ್ತರು. ನೆರಳಿಗೆ ಮಲಗಿಸಿ ಬೀಸಣಿಗೆ ಬೀಸುತ್ತ ಕೂತಿದ್ದೆ ಗೋ, ನಿದ್ದೆ ಕೆಡಬಾರದು ಹೇಳಿ ಕೂತಿದ್ದೆ, ಎಂದು ಮತ್ತೆ ಮತ್ತೆ ಹೇಳಿದರು.

ಅತ್ತೆ ಬದಲಾದರು ಎಂದು ನಾನು ಹೇಳುವುದಿಲ್ಲ. ಬೆಲ್ಲ ಒತ್ತಿ ನೋಡುವುದು, ಟೀವಿಯವನನ್ನು ಬೈಯುವುದು ಹಾಗೇ ನಡೆಯಿತು. ಭಾವ ಗೆಳೆಯರ ಕೈಯಲ್ಲಿ ಗಲ್ಫಿನಿಂದ ತರಿಸಿದ ಹೊಸ ಪಟ್ಟಿಗಳ ಲಕೋಟೆಯನ್ನೂ ಒತ್ತಿ ನೋಡಿದರು. ಆ ಬಲೆಯ ಮೀನನ್ನು ಮಾರತೊಡಗಿದರು, ಆದರೆ ಪ್ರತಿಯೊಂದರ ಕಿವಿರು ಎತ್ತಿ ನೋಡಿಯೇ. ನನಗೂ ಅವರ ರೋಗ ಅಂಟಿದೆ. ಈಗ ದೊಡ್ಡ ಅಂಗಡಿ, ಸ್ಟೇಷನ್ನುಗಳ ಗೋಡೆಯಲ್ಲಿ ಅಂಥ ಪೆಟ್ಟಿಗೆ ಕಂಡರೆ ಹತ್ತಿರ ಹೋಗಿ ದೀಪ ಹಸಿರಿದೆಯೇ, ಪಟ್ಟಿಯ ಮೇಲಿನ ತಾರೀಕು ಮುಗಿದಿದೆಯೇ ಎಂದು ನೋಡುತ್ತೇನೆ. ಕಾವಲಿನವರು ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ನೋಡಿಕೊಳ್ಳಲಿ.

ಕೊನೆಯ ವರ್ಷ ಅತ್ತೆಯ ಮೂತ್ರಪಿಂಡ ಕೆಟ್ಟು, ಮೈ ಬಾತು ಹಾಸಿಗೆ ಹಿಡಿದರು. ಡಾಕ್ಟರು ಇನ್ನೇನೂ ಮಾಡಲಾಗುವುದಿಲ್ಲ ಎಂದ ಮೇಲೆ ಒಂದು ಬೆಳಿಗ್ಗೆ ಮಕ್ಕಳಿಬ್ಬರನ್ನೂ, ಸೊಸೆಯರನ್ನೂ ಕರೆದರು. ಬೇಲಿಯಾಚೆಯಿಂದ ತಾಂಡೇಲರನ್ನೂ ಕರೆಸಿದರು. ಎಲ್ಲರೂ ಬಂದಿದ್ದಾರೋ ಇಲ್ಲವೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡರು.

“ನಂಗೆ ಆ ಪೆಟ್ಟಿಗೆ ಹಚ್ಚಬೇಡಿ,” ಅಂದರು. “ನನ್ನ ಹೊತ್ತು ಆಯ್ತು. ಇದು ಯಾರ ತಪ್ಪೂ ಅಲ್ಲ. ಯಾರೂ ಯಾರ ಮೇಲೂ ಅನುಮಾನ ಮಾಡ್ಬೇಡಿ.”

ಎರಡು ದಿನಕ್ಕೆ ಹೋದರು. ಬೈಯಲು ಯಾರೂ ಇರಲಿಲ್ಲ, ಕೇಳಲು ಏನೂ ಉಳಿದಿರಲಿಲ್ಲ. ಎರಡೂ ಮನೆಯವರು ಒಂದೇ ಜಗಲಿಯ ಮೇಲೆ ಕೂತು ಸುಮ್ಮನೆ ಅತ್ತೆವು.